‘ಚಾಲೇಲ್’ ಅಂದರೆ ಸಾಲದು: ನಾಯಿಯೊಡನೆ ಟೆಂಟಿನಲ್ಲಿ ಎರಡು ರಾತ್ರಿ

ಪುಣೆ ಸುತ್ತಲಿನ ಯಾವ ಕ್ಯಾಂಪ್‌ಸೈಟಿಗೆ ಫೋನ್ ಹಚ್ಚಿ “ಕುತ್ರಾ ಆಣಲಾ ತರ ಚಾಲೇಲ್ ಕಾ?” (ನಾಯಿ ತಂದರೆ ಆದೀತೇ?) ಎಂದು ಮರಾಠಿಯಲ್ಲಿ ಕೇಳಿದರೂ ಸಾಮಾನ್ಯವಾಗಿ ಬರುವ ಉತ್ತರ ಒಂದೇ: “ಹೋ, ಚಾಲೇಲ್.” ಬೆಳಗಾವಿ, ವಿಜಯಪುರದ ಕಡೆಯಿಂದ ಬಂದು ಪಿಂಪ್ರಿ-ಚಿಂಚವಡದಲ್ಲಿ ನೆಲೆಸಿದವರಿಗೆ ಇದರ ತರ್ಜುಮೆ ಬೇಕಿಲ್ಲ. ಅದು ನಮ್ಮ “ನಡೀತೈತಿ”. ನಡೀತೈತಿ ಅಂದರೆ ಬೇಡ ಅನ್ನುವುದಿಲ್ಲ, ಅಷ್ಟೇ. ಬನ್ನಿ ಅಂತಲ್ಲ, ಬಂದರೆ ನಿಮ್ಮ ನಾಯಿಗೆ ಸುಖ ಅಂತಂತೂ ಅಲ್ಲವೇ ಅಲ್ಲ. ಜಾಹೀರಾತಿನ ‘ಪೆಟ್ ಫ್ರೆಂಡ್ಲಿ’ಯೂ ಬಹುಪಾಲು ಈ ನಡೀತೈತಿಯ ಇಂಗ್ಲಿಷ್ ಅಂಗಿ.

ನಾಯಿಗೆ ವಿಶ್ರಾಂತಿ ಅಂದರೆ ಏನು ಎಂಬುದನ್ನು ಮೊದಲು ಯೋಚಿಸಬೇಕು. ಬೆಳೆದ ನಾಯಿ ದಿನಕ್ಕೆ 12–14 ತಾಸು ಮಲಗುತ್ತದೆ. ಮಲಗಲು ಅದಕ್ಕೆ ಬೇಕಾದದ್ದು ಗೊತ್ತಿರುವ ವಾಸನೆ, ಗೊತ್ತಿರುವ ಸದ್ದು, ಹೊತ್ತಿಗೆ ಸರಿಯಾಗಿ ಊಟ. ನಮಗೆ ಹೊಸ ಜಾಗ ಕಂಡರೆ ಮನಸ್ಸು ಹಗುರ. ನಾಯಿಗೆ ಹೊಸ ಜಾಗ ಅಂದರೆ ಕೆಲಸ. ಪ್ರತಿ ಸದ್ದಿಗೂ ಕಿವಿ ಎತ್ತಬೇಕು, ಪ್ರತಿ ಕಂಬವನ್ನೂ ಮೂಸಿ ಲೆಕ್ಕ ಬರೆದುಕೊಳ್ಳಬೇಕು. ಮೊದಲ ರಾತ್ರಿ ಅದು ಸರಿಯಾಗಿ ನಿದ್ದೆ ಮಾಡುವುದೇ ಇಲ್ಲ. ಶನಿವಾರ ಹೋಗಿ ಭಾನುವಾರ ಬರುವ ಪ್ರವಾಸದಲ್ಲಿ ನಾಯಿಯ ಪಾಲಿಗೆ ಉಳಿಯುವುದು ಆ ಒಂದು ಕಾವಲು ರಾತ್ರಿ ಮಾತ್ರ. ಎರಡು ರಾತ್ರಿ ಇರುವುದಾದರೆ ಹೋಗಿ, ಅದೂ ವಾರದ ನಡುವೆ. ಒಂದೇ ರಾತ್ರಿಯ ಬಿಡುವಿದ್ದರೆ ನಾಯಿಯನ್ನು ಮನೆಯಲ್ಲೇ, ಗುರುತಿನವರ ಕೈಗೆ ಒಪ್ಪಿಸಿ ಹೋಗುವುದು ಮೇಲು.

ಗ್ಲಾಂಪಿಂಗ್ (ಸೌಕರ್ಯವಿರುವ ಟೆಂಟುವಾಸ) ಹೆಸರಲ್ಲಿ ಇಲ್ಲಿ ಸಿಗುವ ವಸತಿಗಳಲ್ಲಿ ನಾಯಿಗೆ ಹೆಚ್ಚು ಹೊಂದುವುದು ಸ್ವಿಸ್ ಟೆಂಟು: ಎರಡು ಪದರದ ಕ್ಯಾನ್ವಾಸು, ಕೆಳಗೆ ಹಲಗೆಯ ಅಟ್ಟ ಇಲ್ಲವೇ ಸಿಮೆಂಟ್ ಕಟ್ಟೆ, ಹಿಂದೆ ಬಚ್ಚಲು. ಮರದಡಿ ಇರಬೇಕು. ಬಯಲಲ್ಲಿ ನಿಂತ ಕ್ಯಾನ್ವಾಸು ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ತನಕ ಒಳಗೆ ಹೊರಗಿಗಿಂತ ಹೆಚ್ಚು ಕಾಯುತ್ತದೆ. ಕೆರೆಗೆ ಮುಖ ಮಾಡಿದ ಪಾರದರ್ಶಕ ಡೋಮು ಫೋಟೋದಲ್ಲಿ ಚೆಂದ, ಆದರೆ ಬಿಸಿಲಿಗೆ ಅದು ಗಾಜಿನ ಮನೆಯೇ. ಬೆಳಕು ಒಳಬರುತ್ತದೆ, ಕಾವು ಹೊರಹೋಗುವುದಿಲ್ಲ. ಎಸಿ ಇದೆಯಲ್ಲ ಅನ್ನುತ್ತಾರೆ. ಹಳ್ಳಿಯಲ್ಲಿ ಮಧ್ಯಾಹ್ನ ಕರೆಂಟು ಹೋದರೆ ಜನರೇಟರ್ ಎಸಿಯನ್ನೂ ಎಳೆಯುತ್ತದೋ ಬರೀ ಬಲ್ಬು ಉರಿಸುತ್ತದೋ ಎಂದು ಕೇಳಿಕೊಳ್ಳಿ. ‘A’ ಅಕ್ಷರದಂತೆ ಇಳಿಜಾರಾದ ಎ-ಫ್ರೇಮ್ ಮರದ ಮನೆಗಳಲ್ಲಿ ಅಟ್ಟಕ್ಕೆ ಏಣಿ ಇರುತ್ತದೆ. ನಾಯಿ ಮಾಲೀಕನ ಹಿಂದೆಯೇ ಹತ್ತಿಬಿಡುತ್ತದೆ, ಇಳಿಯಲು ಬಾರದೆ ಹಾರಿ ಮುಂಗಾಲು ಮುರಿದುಕೊಳ್ಳುತ್ತದೆ. ಇನ್ನು ಸಾಲಾಗಿ ನೆಟ್ಟ ಪುಟ್ಟ ನೈಲಾನ್ ಟೆಂಟುಗಳಿಗೆ ಯಾರು ಏನು ಹೆಸರಿಟ್ಟರೂ ಅವು ನಾಯಿಗಲ್ಲ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ ‘ಚಾಲೇಲ್ ಕಾ’ ಅಲ್ಲ. ನಾಯಿ ಟೆಂಟಿನ ಒಳಗೇ ನಮ್ಮೊಡನೆ ಮಲಗುತ್ತದೋ, ಹೊರಗೆ ಗೂಡಿನಲ್ಲೋ? ಸುತ್ತ ಬೇಲಿ ಇದೆಯೇ, ಇದ್ದರೆ ಕೆಳಗೆ ಸಂದಿ ಎಷ್ಟು? ನಿಮ್ಮಲ್ಲೇ ಸಾಕಿದ ನಾಯಿ ಎಷ್ಟು, ಅವಕ್ಕೆ ರೇಬಿಸ್ ಚುಚ್ಚುಮದ್ದು ಯಾವಾಗ ಆಗಿದೆ? ಆವತ್ತು ಬೇರೆ ಬುಕಿಂಗಿನಲ್ಲಿ ನಾಯಿ ಬರುತ್ತಿವೆಯೇ, ಬೆದೆಗೆ ಬಂದ ಹೆಣ್ಣುನಾಯಿ ಇದೆಯೇ? ಇಲಿಪಾಷಾಣ ಎಲ್ಲಿ ಇಟ್ಟಿದ್ದೀರಿ? ಹತ್ತಿರದ ಪಶುವೈದ್ಯರು ಯಾವ ಊರಲ್ಲಿ, ಎಷ್ಟು ಗಂಟೆಯವರೆಗೆ? ಈ ಐದಾರಕ್ಕೂ ತಡವರಿಸದೆ ಉತ್ತರ ಕೊಡುವವನ ಹತ್ತಿರ ನಾಯಿ ಬಂದು ಹೋಗಿರುತ್ತವೆ. “ಟೆನ್ಶನ್ ನಕಾ ಘೇವೂ” (ಟೆನ್ಶನ್ ಮಾಡ್ಕೋಬೇಡಿ) ಅನ್ನುವವನ ಬಗ್ಗೆ ಟೆನ್ಶನ್ ಮಾಡಿಕೊಳ್ಳುವುದೇ ಒಳ್ಳೆಯದು.

ಡಿಜೆ ವಿಷಯವನ್ನು ಬೇರೆಯಾಗಿಯೇ ಕೇಳಿ. ಪವನಾ ಕೆರೆಯ ದಂಡೆ ಪುಣೆಯಿಂದ ಸುಮಾರು 50 ಕಿ.ಮೀ.; ತುಂಗ್, ತಿಕೋನಾ, ಲೋಹಗಡ ಕೋಟೆಗಳು ಸುತ್ತ ನಿಂತ ಆ ನೋಟಕ್ಕೆ ಸಾಟಿ ಇಲ್ಲ. ಆದರೆ ವಾರಾಂತ್ಯದಲ್ಲಿ ಒಂದು ದಂಡೆಯ ಹಾಡು ನೀರಿನ ಮೇಲೆ ತೇಲಿ ಇನ್ನೊಂದು ದಂಡೆಗೆ ಬರುತ್ತದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. 10ರವರೆಗಿನ ಗದ್ದಲವನ್ನು ಮಾತ್ರ ನಿಮ್ಮ ನಾಯಿಯೇ ತಾಳಬೇಕು. ಮುಳಶಿ, ತಾಮ್ಹಿಣಿ ಕಡೆ ಗದ್ದಲ ಕಡಿಮೆ. ಬೇಸಿಗೆಯಾದರೆ ಘಟ್ಟದ ಕೆಳಗಿನ ಕರ್ಜತ್ ಬೇಡ, 600 ಮೀಟರ್ ಮೇಲಿರುವ ಲೋನಾವಳ ಇಲ್ಲವೇ ಅದಕ್ಕೂ ಎತ್ತರದ ಪಂಚಗಣಿ ಆಗಬಹುದು. ಮಾಥೇರಾನ್ ಕಾರು ಬಿಡದ ಊರು ಎಂದು ನಾಯಿಗೆ ಒಳ್ಳೆಯದೆನಿಸುತ್ತದೆ. ಆದರೆ ಅಲ್ಲಿ ಕಾರಿನ ಬದಲು ಕುದುರೆಗಳಿವೆ, ಮೇಲೆ ಮಂಗಗಳ ಹಿಂಡು. ಅಭಯಾರಣ್ಯದ ಒಳಗಂತೂ ಸಾಕುನಾಯಿಯನ್ನು ಒಯ್ಯಬಾರದು. 2018ರಲ್ಲಿ ಗಿರ್‌ನ ಸಿಂಹಗಳನ್ನು ಬಲಿ ತೆಗೆದುಕೊಂಡ ಕೆನೈನ್ ಡಿಸ್ಟೆಂಪರ್ ಮೂಲದಲ್ಲಿ ನಾಯಿಗಳ ರೋಗ.

ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ. ಮಳೆಗಾಲದ ಸಹ್ಯಾದ್ರಿ ನಮ್ಮ ಕಣ್ಣಿಗೆ ಹಬ್ಬ. ಒದ್ದೆ ನಾಯಿ, ಒದ್ದೆ ಕ್ಯಾನ್ವಾಸು, ಒಣಗದ ಹಾಸಿಗೆ ಮೂರೂ ಒಂದೇ ಕೋಣೆಯಲ್ಲಿ ಎರಡು ದಿನ ಇದ್ದರೆ ನಾಯಿಯ ಬೆರಳ ಸಂದಿ ಕೆಂಪಾಗಿ ಕಿವಿ ಸೋರಲು ಶುರುವಾಗುತ್ತದೆ. ಲ್ಯಾಬ್ರಡಾರ್, ಕಾಕರ್‌ನಂಥ ಜೋತುಕಿವಿಯವಕ್ಕೆ ಇನ್ನೂ ಬೇಗ. ಅದರ ಮೇಲೆ ಜಿಗಣೆ, ನಿಂತ ನೀರಿನಿಂದ ಇಲಿಜ್ವರ. ಇಲಿಜ್ವರದ (ಲೆಪ್ಟೋಸ್ಪೈರೋಸಿಸ್) ಲಸಿಕೆ ವರ್ಷಕ್ಕೊಮ್ಮೆ ಆಗಿರಬೇಕು, ರೇಬಿಸ್‌ನದೂ ಅಷ್ಟೇ. ಕಾರ್ಡನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಮುಂಬಯಿಯವರು ರೈಲಿನ ಯೋಚನೆ ಬಿಡಬಹುದು. ಎಸಿ ಫಸ್ಟ್ ಕ್ಲಾಸಿನಲ್ಲಿ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನ್ನನ್ನೋ ಪೂರ್ತಿ ಹಿಡಿದರೆ ಮಾತ್ರ ನಾಯಿ ಜೊತೆಗಿರಬಹುದು, ಇಲ್ಲವಾದರೆ ಬ್ರೇಕ್ ವ್ಯಾನಿನ ಪೆಟ್ಟಿಗೆ. ಪುಣೆಗೆ ಓಡುವ ಹಗಲು ರೈಲುಗಳ ಚೇರ್‌ಕಾರಿನಲ್ಲಿ ಅವಕಾಶವಿಲ್ಲ. ಹಾಗಾಗಿ ಕಾರು. ಡೊಂಬಿವಲಿಯಿಂದಾಗಲಿ ಮಾಟುಂಗದಿಂದಾಗಲಿ ಬೆಳಗ್ಗೆ ಆರರೊಳಗೆ ಬಿಟ್ಟರೆ ಖಂಡಾಳಾ ಘಾಟನ್ನು ಜಾಮಿಲ್ಲದೆ ಹತ್ತಬಹುದು. ಊಟ ಹೊರಡುವ 3–4 ತಾಸು ಮೊದಲೇ ಮುಗಿದಿರಲಿ, ಅಂದರೆ ಬೆಳಗಿನ ಊಟವನ್ನು ತಲುಪಿದ ಮೇಲೆಯೇ ಹಾಕುವುದು. ವಾಂತಿ ಬರುವ ಮುಂಚೆ ನಾಯಿ ಹೇಳುತ್ತದೆ: ಜೊಲ್ಲು ಇಳಿಯುತ್ತದೆ, ತುಟಿ ಪದೇಪದೇ ನೆಕ್ಕುತ್ತದೆ, ಸುಮ್ಮಸುಮ್ಮನೆ ಆಕಳಿಸುತ್ತದೆ. ಹಿಂದೆ ವಾಂತಿ ಮಾಡಿದ ಅಭ್ಯಾಸವಿದ್ದರೆ ಪಶುವೈದ್ಯರಿಂದ ಮ್ಯಾರೋಪಿಟಂಟ್ ಮಾತ್ರೆ ಬರೆಸಿಕೊಂಡು ಹೊರಡುವ ಎರಡು ತಾಸು ಮೊದಲು ಚೂರು ತಿಂಡಿಯೊಡನೆ ಕೊಡಿ. ಸೀಟ್‌ಬೆಲ್ಟಿಗೆ ಹಾರ್ನೆಸ್ಸನ್ನು ಕಟ್ಟಬೇಕು. ಕತ್ತಿನ ಪಟ್ಟಿಗೆ ಕಟ್ಟಿದರೆ ಒಂದು ಜೋರು ಬ್ರೇಕಿಗೆ ಕುತ್ತಿಗೆ ಉಳುಕುತ್ತದೆ. ಎಕ್ಸ್‌ಪ್ರೆಸ್‌ವೇ ಫುಡ್‌ಮಾಲಿನಲ್ಲಿ ಇಳಿಸುವ ಮುನ್ನ ಡಾಂಬರಿನ ಮೇಲೆ ನಿಮ್ಮ ಮುಂಗೈಯ ಹಿಂಬದಿ ಏಳು ಸೆಕೆಂಡು ಇಟ್ಟು ನೋಡಿ. ನಿಮಗೆ ತಾಳದಿದ್ದರೆ ಅದರ ಪಾದಕ್ಕೂ ತಾಳದು. ಕಾರಿನಲ್ಲಿ ಬಿಟ್ಟು ವಡಾಪಾವ್ ತಿನ್ನಲು ಹೋಗುವುದಂತೂ ಬೇಡವೇ ಬೇಡ. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಕಾವು ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಕಿಟಕಿ ಬೆರಳಷ್ಟು ತೆರೆದಿಟ್ಟರೂ ಅಷ್ಟೇ.

ತಲುಪಿದ ಮೊದಲ ತಾಸು ಇಡೀ ಪ್ರವಾಸವನ್ನು ನಿರ್ಧರಿಸುತ್ತದೆ. ಸಾಮಾನು ಆಮೇಲೆ ಇಳಿಸಿ. ಹಗ್ಗದಲ್ಲೇ ಹಿಡಿದು ಬೇಲಿಯಗುಂಟ ಒಂದು ಸುತ್ತು ಹಾಕಿ, ನಾಯಿ ಎಷ್ಟು ಹೊತ್ತು ಮೂಸುತ್ತದೋ ಅಷ್ಟು ಹೊತ್ತು ನಿಲ್ಲಿ. ಇದು ನಾಯಿಯ ಕೆಲಸ, ಜೊತೆಗೆ ನಿಮ್ಮ ಕೆಲಸವೂ. ಒಡೆದ ಬಾಟಲಿ, ನಿನ್ನೆಯ ಬಾರ್ಬೆಕ್ಯೂ ಕಡ್ಡಿ, ಬೇಲಿಯ ಸಂದಿ ಎಲ್ಲ ಈ ಸುತ್ತಿನಲ್ಲೇ ಕಣ್ಣಿಗೆ ಬೀಳಬೇಕು. ತೋಟವನ್ನೂ ನೋಡಿ. ರೆಸಾರ್ಟಿನವರಿಗೆ ಬಲು ಪ್ರಿಯವಾದ ಸೈಕಾಸ್ ಗಿಡದ ಬೀಜ ನಾಯಿಯ ಯಕೃತ್ತನ್ನೇ ಕೆಡಿಸುತ್ತದೆ. ಕಣಗಿಲೆ ಎಲೆ ಹೃದಯಕ್ಕೆ ವಿಷ. ಆಮೇಲೆ ಟೆಂಟಿನೊಳಗೆ ಮನೆಯಿಂದ ತಂದ ಹಳೆಯ ಚಾದರ ಹಾಸಿ. ಒಗೆದದ್ದಲ್ಲ, ಒಗೆಯದೇ ಇದ್ದದ್ದು. ಅದರ ವಾಸನೆಯೇ ನಾಯಿಯ ಮನೆ. ಕ್ಯಾನ್ವಾಸ್ ಗೋಡೆಗೆ ತಾಗದಂತೆ ದೂರವಾಗಿ ಹಾಸಬೇಕು. ಗೋಡೆಯ ಆಚೆ ಬೆಕ್ಕು ಉಜ್ಜಿ ಹೋದರೂ ನಾಯಿ ರಾತ್ರಿಯೆಲ್ಲ ಗುರುಗುಡುತ್ತದೆ. ನೆಲದ ಮೇಲೆ ಹಚ್ಚಿಟ್ಟ ಸೊಳ್ಳೆಬತ್ತಿ ಇದ್ದರೆ ಆರಿಸಿ ಹೊರಗಿಡಿ.

ಈಗ ಜಿಪ್ಪು. ಟೆಂಟಿನ ನಾಯಿ ತಪ್ಪಿಸಿಕೊಳ್ಳುವುದು ಬೇಲಿ ಹಾರಿ ಅಲ್ಲ, ಜಿಪ್ಪಿನಿಂದ. ಬಾಗಿಲಿಗೆ ಎರಡು ಜಿಪ್ ತಲೆಗಳಿರುತ್ತವೆ, ಎರಡನ್ನೂ ಕೆಳಗೆ ನೆಲದ ಹತ್ತಿರ ಕೂಡಿಸಿ ಬಿಡುವುದು ಮನುಷ್ಯರ ರೂಢಿ. ಅಲ್ಲಿ ಒಂದು ಬೆರಳಷ್ಟು ಬಾಯಿ ಉಳಿದರೂ ಸಾಕು, ನಾಯಿ ಮೂಗು ತೂರಿಸಿ ತಲೆ ಎತ್ತುತ್ತದೆ, ಜಿಪ್ಪು ತಾನೇ ಸರಿಯುತ್ತದೆ. ಎರಡು ತಲೆಗಳನ್ನೂ ಬಾಗಿಲಿನ ಮೇಲ್ತುದಿಗೆ ಒಯ್ದು, ಅವುಗಳ ತೂತಿಗೆ ಒಂದು ಸಣ್ಣ ಕೊಂಡಿ ಸಿಕ್ಕಿಸಿ. ಒಳಗಿನ ಸೊಳ್ಳೆಪರದೆಯ ಜಿಪ್ಪಿಗೂ ಹೀಗೆಯೇ. ಆ ಪರದೆಯನ್ನು ಮಾತ್ರ ಬಾಗಿಲು ಎಂದು ನಂಬಬೇಡಿ. ಹೊರಗೆ ಅಳಿಲು ಓಡಿದರೆ ನಾಯಿಯ ಉಗುರಿಗೆ ಅದು ಒಂದು ಏಟಿನ ಮಾತು, ಆಮೇಲೆ ದಂಡ ತೆರುವುದು ನಿಮ್ಮ ಮಾತು. ಟೆಂಟಿನಲ್ಲಿ ನಾಯಿಯನ್ನು ಒಂಟಿಯಾಗಿ ಬಿಟ್ಟು ಕೋಟೆ ಹತ್ತಲು ಹೋಗುವ ಆಲೋಚನೆಯೂ ಇಲ್ಲಿಗೇ ಮುಗಿಯಬೇಕು.

ಹೊರಗೆ ಕುಳಿತಾಗ ನಾಯಿಯನ್ನು ಟೆಂಟಿನ ಹಗ್ಗಕ್ಕೋ ಕಂಬಕ್ಕೋ ಕಟ್ಟಬಾರದು, 25 ಕಿಲೋ ತೂಕ ಒಮ್ಮೆ ಜಗ್ಗಿದರೆ ಗೂಟ ಕಿತ್ತು ಬರುತ್ತದೆ. ಇದಕ್ಕೆ ಸುಲಭದ ದಾರಿ ಓಡುಹಗ್ಗ. 10 ಮಿ.ಮೀ. ದಪ್ಪದ ಹಗ್ಗವನ್ನು 8–10 ಮೀಟರ್ ಅಂತರದ ಎರಡು ಮರಗಳ ನಡುವೆ ಸೊಂಟದೆತ್ತರಕ್ಕೆ ಬಿಗಿಯಾಗಿ ಎಳೆದು ಕಟ್ಟಿ, ಅದರ ಮೇಲೆ ಓಡುವಂತೆ ಒಂದು ಕೊಂಡಿ, ಕೊಂಡಿಗೆ ನಾಯಿಯ ಹಗ್ಗ. ಪ್ರತಿ ಮರಕ್ಕೆ ಒಂದೂವರೆ ಮೀಟರ್ ಇರುವಾಗಲೇ ಓಡುಹಗ್ಗಕ್ಕೆ ದಪ್ಪ ಗಂಟು ಹಾಕಬೇಕು, ಕೊಂಡಿ ಅಲ್ಲೇ ನಿಲ್ಲಲಿ. ಗಂಟು ಮರೆತರೆ ನಾಯಿ ಮರ ಸುತ್ತಿ ಸುತ್ತಿ ತನ್ನನ್ನೇ ಕಟ್ಟಿಕೊಳ್ಳುತ್ತದೆ. ಇಳಿಬಿಟ್ಟ ಹಗ್ಗ ನಾಯಿ ಆರಾಮಾಗಿ ಮಲಗುವಷ್ಟು ಉದ್ದ ಸಾಕು. ಸಿಕ್ಕಿಸುವುದು ಹಾರ್ನೆಸ್ಸಿಗೆ, ಅದೂ ನೀವು ಎದುರಿಗೆ ಇರುವಾಗ ಮಾತ್ರ. ಕ್ಯಾಂಪ್‌ಫೈರ್ ಈ ಗೆರೆಯಿಂದ ಮೂರು ಮೀಟರಾದರೂ ದೂರ ಇರಲಿ.

ಬಿಟ್ಟು ಓಡಿಸಬಹುದೇ? ಕರೆದರೆ ಬರುತ್ತದೆ ಎಂಬುದು ಪುಣೆಯ ಔಂಧ್‌ನ ಉದ್ಯಾನದಲ್ಲಿ ಸಾಬೀತಾದ ಮಾತು, ಕೋಳಿ ಕಂಡಾಗಿನದಲ್ಲ. ರೈತರ ಕೋಳಿ, ಮೇಕೆಮರಿ, ಚಳಿಗಾಲದಲ್ಲಿ ಬಯಲಲ್ಲಿ ಬೀಡುಬಿಡುವ ಧನಗರರ ಕುರಿಹಿಂಡು, ಹಿಂಡಿನ ಹಿಂದೆ ಅದನ್ನು ಕಾಯುವ ನಾಯಿಗಳು. ನಿಮ್ಮದು ಮುಧೋಳವಾದರೆ (ಮಹಾರಾಷ್ಟ್ರದಲ್ಲಿ ಅದನ್ನೇ ಕಾರವಾನಿ ಅನ್ನುತ್ತಾರೆ) ಮಾತೇ ಬೇಡ. ಕಣ್ಣಿನಿಂದ ಬೇಟೆಯಾಡುವ ತಳಿ ಅದು, ಮೊಲ ಕಂಡ ಮೇಲೆ ಕಿವಿ ಕೇಳಿಸುವುದಿಲ್ಲ. ಅದರ ತಲೆ ಕುತ್ತಿಗೆಗಿಂತ ಸಣ್ಣ, ಮಾಮೂಲಿ ಪಟ್ಟಿ ಹಿಂದಕ್ಕೆ ಜಗ್ಗಿದರೆ ಕಳಚುತ್ತದೆ. ಎಳೆದಾಗ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ ಬೇಕು. ತೆಳುಗೂದಲಿನ ಅದಕ್ಕೆ ಜನವರಿಯ ರಾತ್ರಿಗೆ ಒಂದು ಸ್ವೆಟರೂ ಬೇಕು. ಬೇರೆ ನಾಯಿಗಳಿಗೆ 5–10 ಮೀಟರಿನ ಉದ್ದ ಹಗ್ಗ ಸಾಕಷ್ಟು ಸ್ವಾತಂತ್ರ್ಯ.

ಊರನಾಯಿಗಳೊಡನೆ ಮೊದಲ ಭೇಟಿ ಟೆಂಟಿನ ಮುಂದೆ ಆಗಬಾರದು, ಊಟದ ತಟ್ಟೆಯ ಹತ್ತಿರವಂತೂ ಬೇಡ. ಕ್ಯಾಂಪು ಅವುಗಳ ಮನೆ, ಬಂದವರು ನಾವು. ಬಯಲಲ್ಲಿ ದೂರದಿಂದ ನೋಡಿಕೊಳ್ಳಲಿ. ಹಗ್ಗ ಸಡಿಲ ಇರಲಿ, ಬಿಗಿ ಹಿಡಿದ ಹಗ್ಗದ ಭಯ ನಾಯಿಗೆ ಇಳಿಯುತ್ತದೆ.

ಪವನಾ ಅಣೆಕಟ್ಟಿನ ನೀರು ಪಿಂಪ್ರಿ-ಚಿಂಚವಡದ ಕುಡಿಯುವ ನೀರು. ಅಲ್ಲಿ ನಾಯಿಗೆ ಶಾಂಪೂ ಹಚ್ಚಿ ಮೀಯಿಸುವವರು ನಾಳೆ ಆ ನೀರಿನಲ್ಲೇ ಚಹಾ ಕಾಯಿಸುತ್ತಾರೆ. ಏಪ್ರಿಲ್-ಮೇನಲ್ಲಿ ನೀರು ಹಿಂದೆ ಸರಿದಾಗ ದಂಡೆ ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಅಡಿಗೆ ಹೂಳು ಮೆತ್ತಗಿರಬಹುದು. ನಾಯಿ ಹೂತುಕೊಂಡರೆ ಬಿಡಿಸಲು ಹೋದ ಮನುಷ್ಯನೂ ಹೂತುಕೊಳ್ಳುತ್ತಾನೆ. ಈಜಿಸುವುದಾದರೆ ಲೈಫ್‌ಜಾಕೆಟ್, ಉದ್ದ ಹಗ್ಗ, ಹತ್ತು ನಿಮಿಷ. ಹಸಿರು ಬಣ್ಣ ಕಲಸಿದಂತೆ ಕೆನೆಗಟ್ಟಿದ ಹೊಂಡದ ನೀರನ್ನು ಮುಟ್ಟಗೊಡಬೇಡಿ, ಆ ಪಾಚಿ ವಿಷವಾಗಿರಬಹುದು. ಕುಡಿಯಲು ಮನೆಯ ನೀರು: ಕಿಲೋ ತೂಕಕ್ಕೆ ದಿನಕ್ಕೆ 50–60 ಮಿ.ಲೀ., ಅಂದರೆ 20 ಕಿಲೋ ನಾಯಿಗೆ ಒಂದು ಲೀಟರಿನ ಮೇಲೆ. ಸೆಕೆಯಲ್ಲಿ ಅದರ ಎರಡರಷ್ಟು.

ಸೆಕೆ ತಟ್ಟಿದರೆ ಗೊತ್ತಾಗುವುದು ಹೇಗೆ? ಏದುಸಿರು ನಿಲ್ಲುವುದಿಲ್ಲ, ನಾಲಿಗೆ ಅಗಲವಾಗಿ ಕಡುಗೆಂಪಾಗುತ್ತದೆ, ನಡಿಗೆ ತೂರಾಡುತ್ತದೆ. ಥರ್ಮಾಮೀಟರ್ ಗುದದಲ್ಲಿಟ್ಟು ನೋಡಿದರೆ ಸಹಜ ಉಷ್ಣತೆ 101–102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿತೆಂದರೆ ಕಾಯುವ ಹೊತ್ತಲ್ಲ. ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಬೇಕು. ಒದ್ದೆ ಟವೆಲ್ ಹೊದಿಸಿ ಕೂರಬೇಡಿ, ಅದು ಕಾವನ್ನು ಒಳಗೇ ಹಿಡಿದಿಡುತ್ತದೆ. 103ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ ವೈದ್ಯರ ಬಳಿಗೆ. ಪಗ್ ಸಾಕಿದವರು ಮಾರ್ಚಿನಿಂದ ಮೇ ತನಕ ಈ ಪ್ರವಾಸವನ್ನೇ ಕೈಬಿಟ್ಟರೆ ಜಾಣತನ.

ಊಟದ ವಿಷಯದಲ್ಲಿ ನಮ್ಮ ಮಂದಿಯ ಧಾರಾಳವೇ ತೊಂದರೆ. ಕ್ಯಾಂಪಿನವರು ಪ್ರೀತಿಯಿಂದ ಹಾಕುವ ಕಡಲೆಹಿಟ್ಟಿನ ಪಿಠಲದಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ಇರುತ್ತವೆ, ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬರೀ ಭಾಕರಿ ಸರಿ; ಒಗ್ಗರಣೆ ಇಲ್ಲದ ಮೊಸರನ್ನ, ರೂಢಿ ಇದ್ದರೆ, ಸರಿ. ಲೋನಾವಳದ ಚಾಕೊಲೇಟ್ ಫಜ್ ಡಬ್ಬಿ ಕಾರಿನ ಹಿಂದಿನ ಸೀಟಿನಲ್ಲಿ ಇರಬಾರದು. ನಾರಾಯಣಗಾಂವ್ ಕಡೆಯ ದ್ರಾಕ್ಷಿತೋಟದಲ್ಲಿ ಉದುರಿದ ಹಣ್ಣು ಮೂತ್ರಪಿಂಡಕ್ಕೆ ವಿಷ, ಎಷ್ಟು ತಿಂದರೆ ಎಂಬ ಲೆಕ್ಕ ನಾಯಿಯಿಂದ ನಾಯಿಗೆ ಬೇರೆ. ಆದರೆ ಘಾಟಿನ ಬದಿಯಲ್ಲಿ ಜನ ಎಸೆಯುವ ಭುಟ್ಟಾದ (ಮೆಕ್ಕೆಜೋಳದ ತೆನೆಯ) ದಿಂಡಿನ ಅಪಾಯ ಯಾರಿಗೂ ಹೊಳೆಯುವುದಿಲ್ಲ. ಬೆಣ್ಣೆ, ಉಪ್ಪು, ನಿಂಬೆ ಹಚ್ಚಿದ ಅದನ್ನು ನಾಯಿ ಎರಡು ಗುಟುಕಿಗೆ ನುಂಗುತ್ತದೆ. ಅದು ಕರಗುವುದಿಲ್ಲ, ಕರುಳಿನಲ್ಲಿ ಬಿರಡೆಯಂತೆ ಕೂರುತ್ತದೆ. ಎರಡು ದಿನ ಬಿಟ್ಟು ವಾಂತಿ ಶುರುವಾಗಿ ಶಸ್ತ್ರಚಿಕಿತ್ಸೆಗೆ ಹೋಗುತ್ತದೆ. ಮೇ ತಿಂಗಳ ಮಾವಿನ ಗೊರಟೆಯದೂ ಇದೇ ಕಥೆ. ಬಾರ್ಬೆಕ್ಯೂ ಕಡ್ಡಿಗಳನ್ನು ಎಣಿಸಿ ಕೊಟ್ಟು ಎಣಿಸಿ ಹಿಂದೆ ಪಡೆಯಿರಿ. ಮಾಂಸದ ವಾಸನೆಗೆ ಕಡ್ಡಿಯನ್ನೇ ನುಂಗಿದರೆ ಅದು ಹೊಟ್ಟೆಯ ಗೋಡೆ ಚುಚ್ಚುತ್ತದೆ.

ಜುನ್ನರ್, ಆಂಬೇಗಾಂವ್, ಖೇಡ್, ಶಿರೂರ್ ತಾಲ್ಲೂಕುಗಳಲ್ಲಿ ಚಿರತೆ ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತದೆ. ಜುನ್ನರಿನ ಮಾಣಿಕಡೋಹದಲ್ಲಿ ಚಿರತೆಗಳಿಗೆಂದೇ ರಕ್ಷಣಾ ಕೇಂದ್ರವಿದೆ. ನಾಯಿ ಚಿರತೆಯ ಮಾಮೂಲಿ ಊಟ. ಆ ಕಡೆ ಹೋಗುವುದಾದರೆ ಟೆಂಟು ಬಿಟ್ಟು ಇಟ್ಟಿಗೆ ಗೋಡೆಯ ಕೋಣೆ ಹಿಡಿಯಿರಿ. ಮುಸ್ಸಂಜೆಯಿಂದ ಬೆಳಕು ಹರಿಯುವ ತನಕ ನಾಯಿ ಒಳಗೆ. ಬೇರೆ ಕಡೆಗಳಲ್ಲೂ ರಾತ್ರಿ ಮೂತ್ರಕ್ಕೆ ಒಯ್ಯುವಾಗ ಹಗ್ಗ, ಟಾರ್ಚು, ಕಾಲಿಗೆ ಬೂಟು. ಹುಲ್ಲು ಬಿಟ್ಟು ಬರಿನೆಲದಲ್ಲಿ ನಡೆಯಿರಿ. ಕೊಳಕುಮಂಡಲ ಸದ್ದಿಗೆ ಸರಿಯುವುದಿಲ್ಲ, ಬುಸುಗುಡುತ್ತದೆ, ನಾಯಿ ಆ ಸದ್ದಿಗೆ ಮೂಗು ಒಡ್ಡುತ್ತದೆ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಯಾವುದೂ ಬೇಡ. ನಡೆಸದೆ ಎತ್ತಿಕೊಂಡು, ಆಂಟಿವೆನಮ್ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಂಡು ಆ ಆಸ್ಪತ್ರೆಗೇ ಹೋಗಬೇಕು. ತಳೇಗಾಂವ್, ಲೋನಾವಳದಲ್ಲಿ ಇಲ್ಲವೆಂದರೆ ಪುಣೆಗೆ.

ಆದರೂ ಹಾವು, ಚಿರತೆಗಿಂತ ಹೆಚ್ಚು ನಾಯಿಗಳನ್ನು ಮಲಗಿಸುವುದು ಉಣ್ಣಿ. ಹೊರಡುವ ವಾರದ ಮುಂಚೆಯೇ ಔಷಧಿ ಆಗಿರಬೇಕು. ಬೆನ್ನಿಗೆ ಬಿಡುವ ಹನಿಯಾದರೆ ಅದರ ಎರಡು ದಿನ ಹಿಂದೆ, ಎರಡು ದಿನ ಮುಂದೆ ಸ್ನಾನವಿಲ್ಲ. ಬಾಯಿಗೆ ಕೊಡುವ ಫ್ಲುರಾಲನರ್ ಮಾತ್ರೆಯ ಗುಣ 12 ವಾರ ಉಳಿಯುತ್ತದೆ, ಅಫಾಕ್ಸೊಲನರಿನದು ಒಂದು ತಿಂಗಳು. ಮಾತ್ರೆ ಕೊಟ್ಟರೆ ಉಣ್ಣಿ ಹತ್ತುವುದಿಲ್ಲ ಎಂದು ತಿಳಿಯಬೇಡಿ. ಹತ್ತಿ ಕಚ್ಚಿದ ಮೇಲೆಯೇ ಅದು ಸಾಯುವುದು. ಹಾಗಾಗಿ ಕೈಯಿಂದ ಹುಡುಕುವುದು ತಪ್ಪದು. ದಿನಕ್ಕೆರಡು ಸಲ, ಬೆಳಕಿನಲ್ಲಿ, ನಾಯಿಯನ್ನು ಮಲಗಿಸಿಕೊಂಡು. ಬೆರಳತುದಿಯನ್ನು ಕೂದಲಿನ ಎದುರು ದಿಕ್ಕಿಗೆ ಆಡಿಸುತ್ತಾ ಕಿವಿಯ ಮಡಿಕೆ, ಪಟ್ಟಿಯ ಅಡಿ, ಕಂಕುಳು, ತೊಡೆಸಂದಿ, ಬಾಲದ ಬುಡ, ಕೊನೆಗೆ ಒಂದೊಂದೇ ಬೆರಳ ಸಂದಿ. ರಕ್ತ ಕುಡಿಯದ ಉಣ್ಣಿ ಎಳ್ಳಿನಷ್ಟು, ಚಪ್ಪಟೆ, ಕಂದು. ಕುಡಿದದ್ದು ಹರಳಿನ ಬೀಜದಂತೆ ಬೂದಿಬಣ್ಣಕ್ಕೆ ಉಬ್ಬುತ್ತದೆ. ಹರಳುಗಿಡದ ಲ್ಯಾಟಿನ್ ಹೆಸರು ರಿಸಿನಸ್‌ಗೂ ಉಣ್ಣಿ ಎಂದೇ ಅರ್ಥವಂತೆ. ಆ ಹೆಸರಿಟ್ಟವರು ನಾಯಿ ಸಾಕಿರಬೇಕು. ಹೊಟ್ಟೆಯ ಮೇಲೆ ಸಿಕ್ಕಿದ್ದನ್ನು ಕೀಳುವ ಮುನ್ನ ಎರಡು ಸಲ ನೋಡಿ. ಗಂಡುನಾಯಿಗೂ ಮೊಲೆತೊಟ್ಟು ಇರುತ್ತವೆ, ಉಣ್ಣಿಯೆಂದು ಅದನ್ನು ಜಗ್ಗುವವರಿದ್ದಾರೆ. ಉಣ್ಣಿಗೆ ಕಾಲುಗಳಿವೆ, ತೊಟ್ಟಿಗಿಲ್ಲ. ಚಿಮಟದಿಂದ ಚರ್ಮಕ್ಕೆ ತೀರ ತಾಗಿ ಹಿಡಿದು ನೇರವಾಗಿ, ಜರ್ಕು ಕೊಡದೆ ಎಳೆಯಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿ ಎಲ್ಲ ಅಜ್ಜನ ಕಾಲಕ್ಕೆ ಸರಿ. ಹಾಗೆ ಕೆಣಕಿದ ಉಣ್ಣಿ ತನ್ನ ಜೊಲ್ಲನ್ನು, ಅದರೊಡನೆ ರೋಗವನ್ನೂ ಒಳಕ್ಕೆ ಉಗುಳಬಹುದು. ಕಿತ್ತದ್ದನ್ನು ಉಗುರಲ್ಲಿ ಹೊಸಕಬೇಡಿ, ಸ್ಪಿರಿಟ್ ಇರುವ ಸೀಸೆಗೆ ಹಾಕಿ.

ಮನೆಗೆ ಬಂದ ಮೇಲೂ ಇದು ಮುಗಿದಿಲ್ಲ. ಕಂದು ನಾಯಿ-ಉಣ್ಣಿಗೆ ಹುಲ್ಲು ಬೇಕೆಂದಿಲ್ಲ, ಫ್ಲ್ಯಾಟಿನ ಒಳಗೇ ಅದರ ಸಂಸಾರ ನಡೆಯುತ್ತದೆ. ಒಂದು ಹೆಣ್ಣು ಸಾವಿರಾರು ಮೊಟ್ಟೆಯನ್ನು ಗೋಡೆಯ ಬಿರುಕಿನಲ್ಲಿ ಇಡುತ್ತದೆ. ಚಾದರವನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಕಾರಿನ ಸೀಟಿನ ಸಂದಿಗೆ ವ್ಯಾಕ್ಯೂಮ್ ಹಿಡಿಯಿರಿ. ಬಂದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಅಲ್ಲಿಂದ ಮೂರು ವಾರ ಎಣಿಸಿ, ಏಕೆಂದರೆ ಉಣ್ಣಿ ಹರಡುವ ಎರ್ಲಿಕಿಯಾ ರೋಗಾಣು ಒಳಹೊಕ್ಕ 8ರಿಂದ 20 ದಿನಕ್ಕೆ ಜ್ವರ ತೋರುತ್ತದೆ. ಆ ಹೊತ್ತಿಗೆ ಎಲ್ಲರೂ ಪ್ರವಾಸವನ್ನು ಮರೆತಿರುತ್ತಾರೆ. ತಟ್ಟೆ ಬಿಟ್ಟು ಎದ್ದರೆ, ಒಸಡು ಬಿಳಿಚಿದರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ವೈದ್ಯರಲ್ಲಿಗೆ ಒಯ್ದು, ಇಂಥ ತಾರೀಕಿಗೆ ಇಂಥ ಕಡೆ ಟೆಂಟಿನಲ್ಲಿದ್ದೆವು ಎಂದು ಮೊದಲೇ ಹೇಳಿ. ರಕ್ತದ ಸ್ಮಿಯರ್, ಪ್ಲೇಟ್‌ಲೆಟ್ ಎಣಿಕೆ ಎರಡನ್ನೂ ಆಗಲೇ ಮಾಡಿಸಿ.